ಪೆನ್ ಡ್ರೈವ್‌ನಲ್ಲಿ ನಾವು ಬರೆಯದ ಫೈಲುಗಳು

ಹೊಸದಾಗಿ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವ್ ಒಂದನ್ನು, ಅದಕ್ಕೆ ಒಂದೇ ಒಂದು ಫೈಲನ್ನೂ ಹಾಕದೆ, ಮೊದಲು ವಿಂಡೋಸ್ ಕಂಪ್ಯೂಟರಿಗೂ ಆಮೇಲೆ ಮ್ಯಾಕ್‌ಗೂ ಜೋಡಿಸಿ ತೆಗೆದರೆ ಸಾಮಾನ್ಯವಾಗಿ ಅದು ಖಾಲಿ ಉಳಿದಿರುವುದಿಲ್ಲ. ವಿಂಡೋಸ್ ಅದರಲ್ಲಿ ‘ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್’ ಎಂಬ ಫೋಲ್ಡರನ್ನು ಇಟ್ಟಿರುತ್ತದೆ. ಮ್ಯಾಕ್ ‘.ಸ್ಪಾಟ್‌ಲೈಟ್-ವಿ100’, ‘.ಎಫ್‌ಎಸ್‌ಇವೆಂಟ್ಸ್‌ಡಿ’, ‘.ಟ್ರ್ಯಾಶಸ್’ ಎಂಬ, ಚುಕ್ಕಿಯಿಂದ ಶುರುವಾಗುವ ಹೆಸರಿನ ಫೋಲ್ಡರುಗಳನ್ನು ಸೇರಿಸಿರುತ್ತದೆ. ಮುಂದೆ ಅದೇ ಡ್ರೈವ್ ಲಿನಕ್ಸ್ ಯಂತ್ರವೊಂದಕ್ಕೆ ಹೋಗಿ, ಅಲ್ಲಿ ಯಾರಾದರೂ ಅದರಲ್ಲಿನ ಫೈಲೊಂದನ್ನು ಕಸದಬುಟ್ಟಿಗೆ ಹಾಕಿದರೆ ‘.ಟ್ರ್ಯಾಶ್-1000’ ಎಂಬ ಇನ್ನೊಂದು ಫೋಲ್ಡರ್ ಹುಟ್ಟಿಕೊಳ್ಳುತ್ತದೆ. ಇವುಗಳಲ್ಲಿ ಯಾವುದನ್ನೂ ಬಳಕೆದಾರರು ಕೇಳಿರುವುದಿಲ್ಲ. ಬರೆಯುವ ಮೊದಲು ಅವರ ಒಪ್ಪಿಗೆಯನ್ನೂ ಯಾರೂ ಪಡೆದಿರುವುದಿಲ್ಲ.

ಇಂಥ ಫೈಲುಗಳನ್ನು ಮೊದಲ ಬಾರಿ ಕಂಡವರು ವೈರಸ್ ಹೊಕ್ಕಿತೆಂದು ಗಾಬರಿಯಾಗುವುದುಂಟು. ಗೊತ್ತಿದ್ದವರು ‘ಅದು ಸಿಸ್ಟಮ್ ಫೈಲು, ಬಿಡಿ’ ಎಂದು ಸಮಾಧಾನ ಹೇಳುವುದೂ ಉಂಟು. ಎರಡೂ ಅರ್ಧ ಸತ್ಯಗಳೇ. ಈ ಫೈಲುಗಳಲ್ಲಿ ಹೆಚ್ಚಿನವು ಯಾವ ಕೇಡನ್ನೂ ಮಾಡುವುದಿಲ್ಲವೆಂಬುದು ನಿಜ. ಆದರೆ ಅವು ಅಡಗಿರುವುದು ಅವುಗಳನ್ನು ಬರೆದ ಯಂತ್ರದ ಮುಂದೆ ಕುಳಿತವರಿಗೆ ಮಾತ್ರ. ಡ್ರೈವನ್ನು ಕೈಗೆ ಪಡೆದ ಇನ್ನೊಬ್ಬರಿಗೆ, ಅವರ ಯಂತ್ರ ಬೇರೆ ಜಾತಿಯದಾಗಿದ್ದರೆ, ಅವು ಎದ್ದು ಕಾಣುತ್ತವೆ. ಅಂದರೆ ತನ್ನ ಡ್ರೈವ್‌ನಲ್ಲಿ ಏನಿದೆಯೆಂದು ತಿಳಿಯದವನು ಅದರ ಒಡೆಯನೇ. ಈ ಲೇಖನದ ಆಕ್ಷೇಪ ಇರುವುದು ಈ ತಲೆಕೆಳಗಾದ ಏರ್ಪಾಡಿನ ಮೇಲೆ.

ಅಡಗಿಸುವುದೆಂದರೆ ತಾಂತ್ರಿಕವಾಗಿ ಏನು ಎಂಬುದನ್ನು ಮೊದಲು ನೋಡಬೇಕು, ಏಕೆಂದರೆ ಗೊಂದಲದ ಬೇರು ಇರುವುದು ಅಲ್ಲಿಯೇ. ಯುನಿಕ್ಸ್ ಪರಂಪರೆಯ ವ್ಯವಸ್ಥೆಗಳಲ್ಲಿ, ಎಂದರೆ ಲಿನಕ್ಸ್ ಮತ್ತು ಇಂದಿನ ಮ್ಯಾಕ್‌ಗಳಲ್ಲಿ, ಹೆಸರಿನ ಮೊದಲ ಅಕ್ಷರ ಚುಕ್ಕಿಯಾಗಿದ್ದರೆ ಆ ಫೈಲನ್ನು ಪಟ್ಟಿಯಲ್ಲಿ ತೋರಿಸುವುದಿಲ್ಲ. ಈ ರೂಢಿ ಯೋಚಿಸಿ ರೂಪಿಸಿದ್ದಲ್ಲ. ಯುನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್ 2012ರಲ್ಲಿ ವಿವರಿಸಿದಂತೆ, ಪ್ರತಿ ಫೋಲ್ಡರಿನಲ್ಲೂ ಇರುವ ಒಂಟಿ ಚುಕ್ಕಿ (ಆ ಫೋಲ್ಡರೇ) ಮತ್ತು ಜೋಡಿ ಚುಕ್ಕಿಯ (ಅದರ ಮೇಲಿನ ಫೋಲ್ಡರ್) ನಮೂದುಗಳನ್ನು ಪಟ್ಟಿಯಿಂದ ಬಿಡಲೆಂದು ಯಾರೋ ಅಡ್ಡದಾರಿ ಹಿಡಿದು, ಮೊದಲ ಅಕ್ಷರ ಚುಕ್ಕಿಯೇ ಎಂದಷ್ಟೇ ಪರೀಕ್ಷಿಸುವ ಸಾಲೊಂದನ್ನು ಬರೆದರು. ಚುಕ್ಕಿಯಿಂದ ಶುರುವಾಗುವ ಬೇರೆಲ್ಲ ಹೆಸರುಗಳೂ ಅದರ ಜೊತೆಗೆ ಮರೆಯಾದವು. ಆಮೇಲೆ ಬಂದ ಪ್ರೋಗ್ರಾಮುಗಳು ತಮ್ಮ ಸೆಟ್ಟಿಂಗುಗಳನ್ನು ಇಡಲು ಆ ಮರೆಯನ್ನೇ ಬಳಸಿಕೊಂಡವು.

ಡಾಸ್ (ವಿಂಡೋಸ್‌ಗಿಂತ ಮೊದಲಿನ ಮೈಕ್ರೋಸಾಫ್ಟ್ ವ್ಯವಸ್ಥೆ) ಮತ್ತು ವಿಂಡೋಸ್‌ನ ದಾರಿ ಬೇರೆ. ಫ್ಯಾಟ್ ಎಂಬ ಹಳೆಯ ಫೈಲ್ ವ್ಯವಸ್ಥೆಯಲ್ಲಿ, ಎಂದರೆ ಡಿಸ್ಕಿನ ಮೇಲೆ ಫೈಲುಗಳನ್ನು ಜೋಡಿಸಿಡುವ ಪದ್ಧತಿಯಲ್ಲಿ, ಪ್ರತಿಯೊಂದು ಫೈಲಿಗೂ 32 ಬೈಟುಗಳ ಒಂದು ನಮೂದು ಇರುತ್ತದೆ. ಅದರ ಮೊದಲ 11 ಬೈಟುಗಳಲ್ಲಿ ಹೆಸರು, ಹನ್ನೆರಡನೆಯದರಲ್ಲಿ ಗುಣಲಕ್ಷಣಗಳು. ಆ ಒಂದು ಬೈಟಿನಲ್ಲಿ ‘ಹಿಡನ್’ (ಅಡಗಿದ) ಎಂಬುದಕ್ಕೆ ಒಂದು ಬಿಟ್, ಎಂದರೆ ಹೌದು-ಇಲ್ಲ ಎಂಬ ಗುರುತು; ‘ಸಿಸ್ಟಮ್’ ಎಂಬುದಕ್ಕೆ ಇನ್ನೊಂದು ಬಿಟ್. ಹೆಸರಿನಲ್ಲಿ ಚುಕ್ಕಿ ಎಲ್ಲಿದೆಯೆಂಬುದರ ಗೊಡವೆ ವಿಂಡೋಸ್‌ಗೆ ಇಲ್ಲ. ಈ ಬಿಟ್‌ಗಳ ಗೊಡವೆ ಲಿನಕ್ಸ್‌ನಲ್ಲಿ ಫೈಲುಗಳನ್ನು ಪಟ್ಟಿಮಾಡುವ ಆಜ್ಞೆಗೆ ಇಲ್ಲ. ಹೀಗಾಗಿ ಮ್ಯಾಕ್ ತನ್ನಲ್ಲಿ ಮರೆಮಾಡಿಟ್ಟ ಚುಕ್ಕಿ ಫೈಲು ವಿಂಡೋಸ್‌ನಲ್ಲಿ ತಲೆಯೆತ್ತುತ್ತದೆ, ವಿಂಡೋಸ್ ಎರಡು ಬಿಟ್‌ಗಳ ಹಿಂದೆ ಅಡಗಿಸಿದ ಫೋಲ್ಡರ್ ಲಿನಕ್ಸ್‌ನಲ್ಲಿ ಮಾಮೂಲಿ ಫೋಲ್ಡರಿನಂತೆ ಕಾಣುತ್ತದೆ. ಎರಡರಲ್ಲೂ ಬೀಗವಿಲ್ಲ, ಗೂಢಲಿಪಿಯಿಲ್ಲ. ಇದೆಲ್ಲ ತೋರಿಸುವ ಅಥವಾ ತೋರಿಸದಿರುವ ಪದ್ಧತಿ ಮಾತ್ರ.

ಈ ಘರ್ಷಣೆ ಎಲ್ಲ ಡ್ರೈವ್‌ಗಳಲ್ಲೂ ಒಂದೇ ತೆರನಾಗಿ ನಡೆಯುವುದಿಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯ ಡ್ರೈವನ್ನು ಮ್ಯಾಕ್ ತಾನಾಗಿ ಓದುತ್ತದೆಯೇ ಹೊರತು ಅದರಲ್ಲಿ ಬರೆಯುವುದಿಲ್ಲ. ಹಾಗಾಗಿ ಅಲ್ಲಿ ಅದರ ಕುರುಹೂ ಉಳಿಯುವುದಿಲ್ಲ. ಮ್ಯಾಕ್‌ನ ಎಪಿಎಫ್‌ಎಸ್ ಡ್ರೈವನ್ನು ವಿಂಡೋಸ್ ತಾನಾಗಿ ಗುರುತಿಸುವುದೂ ಇಲ್ಲ. ಎಲ್ಲರೂ ಓದಿ ಬರೆಯಬಲ್ಲದ್ದು ಫ್ಯಾಟ್32 ಮತ್ತು ಎಕ್ಸ್‌ಫ್ಯಾಟ್ ಎಂಬ ಎರಡೇ. ಎಕ್ಸ್‌ಫ್ಯಾಟ್ 2006ರಲ್ಲಿ ಬಂತು. 32 ಜಿಬಿಗಿಂತ ದೊಡ್ಡ ಎಸ್‌ಡಿಎಕ್ಸ್‌ಸಿ ಮೆಮೊರಿ ಕಾರ್ಡುಗಳಿಗೆ ಅದೇ ನಿಗದಿಯಾಯಿತು. 2019ರಲ್ಲಿ ಮೈಕ್ರೋಸಾಫ್ಟ್ ಅದರ ವಿವರಗಳನ್ನು ಬಹಿರಂಗಪಡಿಸಿದ ಮೇಲೆ ಲಿನಕ್ಸ್‌ನ ತಿರುಳಿನೊಳಗೂ (ಕರ್ನೆಲ್) ಸೇರಿತು. ಕೈಯಿಂದ ಕೈಗೆ ದಾಟುವ ಡ್ರೈವ್‌ಗಳಲ್ಲಿ ಇರುವುದು ಬಹುಮಟ್ಟಿಗೆ ಈ ಎರಡೇ ಆದ್ದರಿಂದ ಕುರುಹುಗಳು ಗುಡ್ಡೆಯಾಗುವುದೂ ಅಲ್ಲಿಯೇ.

ಇವುಗಳಲ್ಲಿ ಅತಿ ಹೆಚ್ಚು ದೂರಿಗೆ ಕಾರಣವಾಗಿರುವುದು ಮ್ಯಾಕ್ ಬಿಡುವ, ಚುಕ್ಕಿ ಮತ್ತು ಅಡಿಗೆರೆಯಿಂದ ಶುರುವಾಗುವ ಜೋಡಿ ಫೈಲುಗಳು. ‘ಹಾಡು.ಎಂಪಿ3’ ಎಂಬ ಫೈಲನ್ನು ಮ್ಯಾಕ್‌ನಿಂದ ಪೆನ್ ಡ್ರೈವ್‌ಗೆ ನಕಲು ಮಾಡಿದರೆ, ಅದರ ಪಕ್ಕದಲ್ಲಿ ‘._ಹಾಡು.ಎಂಪಿ3’ ಎಂಬ ಇನ್ನೊಂದು ಬಂದು ಕೂರುವುದುಂಟು. ಇದರ ಹಿಂದೆ ನಲವತ್ತು ವರ್ಷಗಳ ಚರಿತ್ರೆಯಿದೆ. 1984ರ ಮೊದಲ ಮ್ಯಾಕಿಂಟಾಷ್‌ನಲ್ಲಿ ಒಂದು ಫೈಲಿಗೆ ಎರಡು ಕವಲುಗಳಿದ್ದವು. ಒಂದರಲ್ಲಿ ದತ್ತಾಂಶ; ‘ರಿಸೋರ್ಸ್ ಫೋರ್ಕ್’ ಎಂಬ ಇನ್ನೊಂದರಲ್ಲಿ ಐಕಾನು, ಮೆನು ಮೊದಲಾದ ಸಾಮಗ್ರಿ. ಬೇರೆ ವ್ಯವಸ್ಥೆಗಳ ಫೈಲಿಗೆ ಇರುವುದು ಒಂದೇ ಕವಲು. ಆದ್ದರಿಂದ ಮ್ಯಾಕ್ ಫೈಲು ಪರರ ಡಿಸ್ಕಿಗೆ ಹೋದಾಗ ಎರಡನೆಯ ಕವಲನ್ನು ಎಲ್ಲಿಡುವುದು ಎಂಬ ಪ್ರಶ್ನೆ ಎದ್ದಿತು. ಹಳೆಯ ಮ್ಯಾಕ್‌ಗಳು ಅದಕ್ಕೆಂದೇ ಡಾಸ್ ಡಿಸ್ಕುಗಳಲ್ಲಿ ಪ್ರತ್ಯೇಕ ಫೋಲ್ಡರೊಂದನ್ನು ತೆರೆಯುತ್ತಿದ್ದವು. ಆಪಲ್ ತನ್ನ ಯುನಿಕ್ಸ್ ಆವೃತ್ತಿಗಾಗಿ ರೂಪಿಸಿದ ‘ಆಪಲ್‌ಡಬಲ್’ ಎಂಬ ವಿಧಾನ ಕೊನೆಗೆ ನೆಲೆನಿಂತಿತು. ದತ್ತಾಂಶ ಒಂದು ಫೈಲಿನಲ್ಲಿ, ಉಳಿದುದೆಲ್ಲ ಅದರ ಜೋಡಿಯಲ್ಲಿ.

ಇಂದು ರಿಸೋರ್ಸ್ ಫೋರ್ಕ್ ಬಳಸುವ ಪ್ರೋಗ್ರಾಮುಗಳು ಅಪರೂಪ. ಆದರೂ ಜೋಡಿ ಫೈಲು ಹುಟ್ಟುವುದು ನಿಂತಿಲ್ಲ, ಏಕೆಂದರೆ ಅದರ ಜಾಗಕ್ಕೆ ‘ವಿಸ್ತರಿತ ಗುಣಲಕ್ಷಣ’ಗಳೆಂಬ ಕಿರು ಟಿಪ್ಪಣಿಗಳು ಬಂದಿವೆ. ಫೈಲಿಗೆ ಹಚ್ಚಿದ ಬಣ್ಣದ ಗುರುತು, ಅಂತರಜಾಲದಿಂದ ಬಂದದ್ದೆಂಬ ಎಚ್ಚರಿಕೆಯ ಗುರುತು, ಯಾವ ವಿಳಾಸದಿಂದ ಇಳಿಸಿಕೊಂಡದ್ದು ಎಂಬ ಮಾಹಿತಿ ಇತ್ಯಾದಿ. ಕೊನೆಯದನ್ನು ಗಮನಿಸಬೇಕು. ಬ್ರೌಸರಿನಿಂದ ಇಳಿಸಿಕೊಂಡ ಪಿಡಿಎಫ್ ಒಂದನ್ನು ಮ್ಯಾಕ್ ಬಳಕೆದಾರರು ಪೆನ್ ಡ್ರೈವ್‌ಗೆ ಹಾಕಿ ಇನ್ನೊಬ್ಬರಿಗೆ ಕೊಟ್ಟರೆ, ಅದನ್ನು ಎಲ್ಲಿಂದ ಇಳಿಸಿಕೊಂಡರೆಂಬ ಪೂರ್ಣ ಜಾಲವಿಳಾಸ ಜೋಡಿ ಫೈಲಿನಲ್ಲಿ ಕುಳಿತು ಜೊತೆಗೇ ಪ್ರಯಾಣ ಮಾಡಬಹುದು. ವಿಂಡೋಸ್ ಕೂಡ ಇಳಿಸಿಕೊಂಡ ಫೈಲುಗಳಿಗೆ ಇಂಥ ಗುರುತನ್ನು ಅಂಟಿಸುತ್ತದೆ. ಇತ್ತೀಚಿನ ಆವೃತ್ತಿಗಳಲ್ಲಿ ಅದರೊಳಗೂ ವಿಳಾಸವಿರುತ್ತದೆ. ಆದರೆ ಆ ಗುರುತು ಎನ್‌ಟಿಎಫ್‌ಎಸ್‌ನ ಉಪಧಾರೆಯಲ್ಲಿ, ಎಂದರೆ ಅದೇ ಫೈಲಿಗೆ ಅಂಟಿಕೊಂಡ ಪ್ರತ್ಯೇಕ ಭಾಗದಲ್ಲಿ, ಇರುವುದರಿಂದ ಫ್ಯಾಟ್ ಅಥವಾ ಎಕ್ಸ್‌ಫ್ಯಾಟ್ ಡ್ರೈವ್‌ಗೆ ನಕಲಾಗುವಾಗ ಉದುರಿಹೋಗುತ್ತದೆ. ಒಂದೇ ಸಂದರ್ಭದಲ್ಲಿ ವಿಂಡೋಸ್ ಟಿಪ್ಪಣಿಯನ್ನು ಕಳೆದುಕೊಳ್ಳುತ್ತದೆ, ಮ್ಯಾಕ್ ಅದನ್ನು ಹೇಗಾದರೂ ಉಳಿಸಿಕೊಳ್ಳುತ್ತದೆ. ಎಂಜಿನಿಯರ್ ಒಬ್ಬರಿಗೆ ಮ್ಯಾಕ್‌ನ ನಡೆ ಹೆಚ್ಚು ಪ್ರಾಮಾಣಿಕವೆನಿಸಬಹುದು. ಡ್ರೈವನ್ನು ಇನ್ನೊಬ್ಬರಿಗೆ ಕೊಡುವವರಿಗೆ ವಿಂಡೋಸ್‌ನ ನಷ್ಟವೇ ಲಾಭ.

ಜೋಡಿ ಫೈಲುಗಳು ತಿನ್ನುವ ಜಾಗದ ಲೆಕ್ಕವೂ ಸ್ವಾರಸ್ಯಕರವಾಗಿದೆ. ಇಂಥ ಒಂದು ಫೈಲಿನ ಸಾಮಾನ್ಯ ಗಾತ್ರ 4,096 ಬೈಟುಗಳು, ಎಂದರೆ 4 ಕೆಬಿ. ಆದರೆ ಡಿಸ್ಕಿನಲ್ಲಿ ಜಾಗ ಹಂಚುವುದು ಬೈಟಿನ ಲೆಕ್ಕದಲ್ಲಲ್ಲ, ಕ್ಲಸ್ಟರ್ ಎಂಬ ಕಟ್ಟಿನ ಲೆಕ್ಕದಲ್ಲಿ. ಫೈಲು ಎಷ್ಟೇ ಚಿಕ್ಕದಿದ್ದರೂ ಅದಕ್ಕೆ ಇಡೀ ಕ್ಲಸ್ಟರ್ ಮೀಸಲು. 32 ಜಿಬಿಗಿಂತ ದೊಡ್ಡ ಎಕ್ಸ್‌ಫ್ಯಾಟ್ ಡ್ರೈವನ್ನು ವಿಂಡೋಸ್ ತನ್ನ ವಾಡಿಕೆಯಂತೆ ಫಾರ್ಮ್ಯಾಟ್ ಮಾಡಿದರೆ ಕ್ಲಸ್ಟರಿನ ಗಾತ್ರ 128 ಕೆಬಿ. ಒಂದು ಸಾವಿರ ಫೋಟೋಗಳನ್ನು ಮ್ಯಾಕ್‌ನಿಂದ ನಕಲು ಮಾಡಿ, ಪ್ರತಿಯೊಂದಕ್ಕೂ ಜೋಡಿ ಹುಟ್ಟಿದರೆ, ಅವುಗಳೊಳಗಿನ ನಿಜವಾದ ಸಾಮಗ್ರಿ 4 ಎಂಬಿಗೂ ಕಡಿಮೆ. ಅವು ಹಿಡಿಯುವ ಜಾಗ 125 ಎಂಬಿ. ಇಂದಿನ ಡ್ರೈವ್‌ಗಳ ಗಾತ್ರಕ್ಕೆ ಇದು ದೊಡ್ಡ ಮೊತ್ತವಲ್ಲ, ನಿಜ. ತೊಂದರೆ ಬರುವುದು ಫೈಲುಗಳ ಸಂಖ್ಯೆಯಿಂದ. ಕಾರಿನ ಮ್ಯೂಸಿಕ್ ಸಿಸ್ಟಮ್‌ಗೆ ಆಪಲ್‌ಡಬಲ್ ಎಂದರೇನೆಂದು ತಿಳಿಯದು; ಹೆಸರಿನ ಕೊನೆಯಲ್ಲಿ ಎಂಪಿ3 ಎಂದಿದ್ದರೆ ಅದಕ್ಕೆ ಅದು ಹಾಡು. ಹತ್ತು ಹಾಡು ಹಾಕಿದರೆ ಇಪ್ಪತ್ತು ಕಾಣುತ್ತವೆ. ಒಂದು ಬಿಟ್ಟು ಒಂದಕ್ಕೆ ‘ಫೈಲ್ ತೆರೆಯಲಾಗುತ್ತಿಲ್ಲ’ ಎಂಬ ಸಂದೇಶ. ಟಿವಿ, ಡಿಜಿಟಲ್ ಫೋಟೋ ಫ್ರೇಮು, ಪೆನ್ ಡ್ರೈವ್‌ನಿಂದ ನೇರವಾಗಿ ಮುದ್ರಿಸುವ ಪ್ರಿಂಟರು, ಎಲ್ಲದರಲ್ಲೂ ಇದೇ ಪಾಡು. ಹಾಡು ಕೆಟ್ಟಿದೆಯೆಂದುಕೊಂಡು ಮತ್ತೊಮ್ಮೆ ಮ್ಯಾಕ್‌ನಿಂದಲೇ ನಕಲು ಮಾಡಿದರೆ ಜೋಡಿಯೂ ಮತ್ತೊಮ್ಮೆ ಬರುತ್ತದೆ.

ಮ್ಯಾಕ್‌ನ ಇನ್ನೊಂದು ಪ್ರಸಿದ್ಧ ಕುರುಹು ‘.ಡಿಎಸ್_ಸ್ಟೋರ್’. ಡಿಎಸ್ ಎಂದರೆ ಡೆಸ್ಕ್‌ಟಾಪ್ ಸರ್ವಿಸಸ್. ಫೋಲ್ಡರನ್ನು ಹೇಗೆ ತೋರಿಸಬೇಕು, ಯಾವ ಐಕಾನು ಎಲ್ಲಿರಬೇಕು, ಕಿಟಕಿಯ ಗಾತ್ರವೆಷ್ಟು ಎಂಬುದನ್ನು ಮ್ಯಾಕ್‌ನಲ್ಲಿ ಫೈಲುಗಳನ್ನು ತೋರಿಸುವ ಫೈಂಡರ್ ಎಂಬ ಪ್ರೋಗ್ರಾಮು ಇದರಲ್ಲಿ ಬರೆದಿಡುತ್ತದೆ. ಯಾರೋ ಒಬ್ಬರು ತಮ್ಮ ಪರದೆಯಲ್ಲಿ ಐಕಾನುಗಳನ್ನು ಹೇಗೆ ಜೋಡಿಸಿಕೊಂಡಿದ್ದರೆಂಬುದು ಡ್ರೈವ್ ಪಡೆದವರಿಗೆ ಯಾವ ಉಪಯೋಗಕ್ಕೂ ಬಾರದು. ಆದರೆ ಐಕಾನಿನ ಸ್ಥಾನವನ್ನು ನೆನಪಿಡಲು ಫೈಲಿನ ಹೆಸರನ್ನೂ ಬರೆದಿಡಬೇಕಾಗುವುದರಿಂದ ಆ ಫೋಲ್ಡರಿನಲ್ಲಿದ್ದ ಹೆಸರುಗಳ ಪಟ್ಟಿಯೂ ಇದರೊಳಗೆ ಸೇರುತ್ತದೆ. ಫೋಲ್ಡರನ್ನು ಹಾಗೆಯೇ ಜಾಲತಾಣದ ಸರ್ವರಿಗೆ ಏರಿಸಿದವರ ‘.ಡಿಎಸ್_ಸ್ಟೋರ್’ ಓದಿ, ಎಲ್ಲೂ ಕೊಂಡಿಯಿಲ್ಲದ ಫೈಲುಗಳ ಹೆಸರನ್ನು ಪತ್ತೆಹಚ್ಚುವುದು ಭದ್ರತಾ ಪರೀಕ್ಷಕರಿಗೆ ಗೊತ್ತಿರುವ ಹಳೆಯ ಉಪಾಯ.

ಅಳಿಸಿದ ಫೈಲುಗಳ ವಿಷಯದಲ್ಲಿ ಮೂರೂ ವ್ಯವಸ್ಥೆಗಳು ಮೂರು ಬಗೆಯಾಗಿ ನಡೆಯುತ್ತವೆ. ಜನ ನಿಜವಾಗಿ ಮೋಸಹೋಗುವುದು ಇಲ್ಲಿ. ವಿಂಡೋಸ್‌ನಲ್ಲಿ ಪೆನ್ ಡ್ರೈವ್‌ನ ಫೈಲನ್ನು ಡಿಲೀಟ್ ಮಾಡಿದರೆ ಅದು ರಿಸೈಕಲ್ ಬಿನ್‌ಗೆ ಹೋಗದೆ ನೇರವಾಗಿ ಅಳಿಯುತ್ತದೆ. ಅದೇ ಫೈಲನ್ನು ಮ್ಯಾಕ್‌ನಲ್ಲಿ ಅಳಿಸಿದರೆ, ಅದು ಆ ಡ್ರೈವ್‌ನ ಮೇಲೆಯೇ ಇರುವ ‘.ಟ್ರ್ಯಾಶಸ್’ ಫೋಲ್ಡರಿಗೆ, ಅದರೊಳಗೆ ಬಳಕೆದಾರರ ಸಂಖ್ಯೆಯ ಹೆಸರಿನ ಒಳಫೋಲ್ಡರಿಗೆ ಸರಿಯುತ್ತದೆ. ಮ್ಯಾಕ್‌ನಲ್ಲಿ ಮೊದಲ ಬಳಕೆದಾರರ ಸಂಖ್ಯೆ ಸಾಮಾನ್ಯವಾಗಿ 501, ಲಿನಕ್ಸ್‌ನ ಹೆಚ್ಚಿನ ವಿತರಣೆಗಳಲ್ಲಿ 1000. ಲಿನಕ್ಸ್ ಫೋಲ್ಡರಿನ ಹೆಸರಿನ ಕೊನೆಯಲ್ಲಿರುವುದು ಆ ಸಂಖ್ಯೆಯೇ. ಕಸದಬುಟ್ಟಿಯನ್ನು ಖಾಲಿ ಮಾಡುವವರೆಗೆ ಒಂದು ಬೈಟೂ ಬಿಡುಗಡೆಯಾಗುವುದಿಲ್ಲ.

ಕ್ಯಾಮೆರಾದ ಮೆಮೊರಿ ಕಾರ್ಡನ್ನು ಮ್ಯಾಕ್‌ಗೆ ಹಾಕಿ, ಫೋಟೋಗಳನ್ನು ನಕಲು ಮಾಡಿಕೊಂಡು, ಕಾರ್ಡಿನಲ್ಲಿದ್ದವನ್ನು ಅಳಿಸಿ, ಬುಟ್ಟಿ ಖಾಲಿ ಮಾಡದೆ ಕಾರ್ಡನ್ನು ಹೊರತೆಗೆದರೆ ಆಗುವುದನ್ನು ನೋಡಿ. ಕ್ಯಾಮೆರಾದ ಪರದೆಯಲ್ಲಿ ಒಂದು ಫೋಟೋವೂ ಕಾಣುವುದಿಲ್ಲ, ಆದರೂ ಜಾಗವಿಲ್ಲವೆಂಬ ಸಂದೇಶ ಬರುತ್ತದೆ. ಕ್ಯಾಮೆರಾ ಹುಡುಕುವುದು ‘ಡಿಸಿಐಎಂ’ ಫೋಲ್ಡರಿನಲ್ಲಿ, ಫೋಟೋಗಳಿರುವುದು ‘.ಟ್ರ್ಯಾಶಸ್’ನ ಒಳಗಿನ 501ರಲ್ಲಿ. ಕಾರ್ಡು ಹಾಳಾಗಿದೆಯೆಂದು ಎಸೆಯುವವರೂ ಇರಬಹುದು. ಕ್ಯಾಮೆರಾದಲ್ಲಿಯೇ ಒಮ್ಮೆ ಫಾರ್ಮ್ಯಾಟ್ ಮಾಡಿದರೆ ಸಾಕಿತ್ತು. ಇದರ ಇನ್ನೊಂದು ಮಗ್ಗುಲು ಇನ್ನೂ ಕೆಟ್ಟದ್ದು. ಬೇಡದ ಫೋಟೋಗಳನ್ನು ಅಳಿಸಿ ಕಾರ್ಡನ್ನು ಇನ್ನೊಬ್ಬರಿಗೆ ಕೊಟ್ಟವರು ಅವನ್ನೂ ಪೂರ್ಣ ಗಾತ್ರದಲ್ಲಿ ಕೊಟ್ಟಿರುತ್ತಾರೆ. ಆ ಫೋಲ್ಡರು ನೇರವಾಗಿ ಕಾಣದಿದ್ದರೂ, ಪಡೆದವರು ವಿಂಡೋಸ್‌ನಲ್ಲಿ ಹಿಡನ್ ಫೈಲುಗಳನ್ನು ತೋರಿಸುವ ಆಯ್ಕೆ ಹಾಕಿಕೊಂಡರೆ ಸಾಕು, ತೆರೆದು ನೋಡಬಹುದು.

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಆದರೆ ವಿಂಡೋಸ್ ಕೂಡ ‘$ರಿಸೈಕಲ್.ಬಿನ್’ ಎಂಬ ಫೋಲ್ಡರನ್ನು ಅದರ ಮೇಲೆ ಇಡುತ್ತದೆ. ಅಳಿಸಿದ ಪ್ರತಿ ಫೈಲಿಗೂ ಅಲ್ಲಿ ಎರಡು ನಮೂದುಗಳು. ಒಂದರಲ್ಲಿ ಫೈಲಿನ ಸಾಮಗ್ರಿ, ಇನ್ನೊಂದರಲ್ಲಿ ಅದರ ಮೂಲ ಸ್ಥಳ, ಗಾತ್ರ ಮತ್ತು ಅಳಿಸಿದ ಸಮಯ. ಲಿನಕ್ಸ್‌ನ ಬುಟ್ಟಿಯೂ ಹೀಗೆಯೇ ಪ್ರತಿ ಫೈಲಿಗೊಂದು ಪುಟ್ಟ ಪಠ್ಯ ಫೈಲಿನಲ್ಲಿ ಮೂಲ ಸ್ಥಳ ಮತ್ತು ಅಳಿಸಿದ ದಿನಾಂಕ ಬರೆದಿಡುತ್ತದೆ. ಅಳಿಸಿದ್ದನ್ನು ವಾಪಸು ತರಲು ಈ ಮಾಹಿತಿ ಬೇಕೇ ಬೇಕು, ಆದ್ದರಿಂದ ಅದನ್ನು ಬರೆಯುವುದರಲ್ಲಿ ತಪ್ಪಿಲ್ಲ. ಆದರೆ ಯಾವ ಫೈಲನ್ನು ಯಾರು ಯಾವಾಗ ಅಳಿಸಿದರೆಂಬ ದಾಖಲೆ ಆ ಯಂತ್ರವನ್ನು ಬಿಟ್ಟು ಡ್ರೈವ್‌ನೊಂದಿಗೆ ಹೊರಟುಬಿಡುವುದನ್ನು, ಅದರ ಸೂಚನೆಯೇ ಇಲ್ಲದಿರುವುದನ್ನು ಒಪ್ಪುವುದು ಕಷ್ಟ.

ವಿಂಡೋಸ್ ಬಿಡುವ ‘ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್’ ಹೋಲಿಕೆಯಲ್ಲಿ ಸಾಧು. ಸ್ಥಿರ ಡಿಸ್ಕುಗಳಲ್ಲಿ ಇದೇ ಹೆಸರಿನ ಫೋಲ್ಡರು ಮರುಸ್ಥಾಪನೆಯ ಪ್ರತಿಗಳನ್ನು ಇಡುವ ದೊಡ್ಡ ಉಗ್ರಾಣ. ಪೆನ್ ಡ್ರೈವ್‌ನಲ್ಲಿ ಸಾಮಾನ್ಯವಾಗಿ ಅದರೊಳಗೆ ಎರಡೇ ಚಿಕ್ಕ ಫೈಲುಗಳು, ಒಂದು 12 ಬೈಟು, ಇನ್ನೊಂದು 76 ಬೈಟು. ಎರಡನೆಯದರಲ್ಲಿ ಇರುವುದು ವಿಂಡೋಸ್‌ನ ಹುಡುಕಾಟ ಸೇವೆ ಡ್ರೈವನ್ನು ಗುರುತಿಸಲು ಕೊಟ್ಟ ಸಂಖ್ಯೆ: ಆವರಣ ಚಿಹ್ನೆಗಳೂ ಸೇರಿ 38 ಅಕ್ಷರಗಳು, ತಲಾ ಎರಡು ಬೈಟು. ಅಳಿಸಿದರೆ ಏನೂ ಕೆಡುವುದಿಲ್ಲ, ಮತ್ತೆ ಜೋಡಿಸಿದಾಗ ಮತ್ತೆ ಹುಟ್ಟುತ್ತದೆ. ‘ಡೆಸ್ಕ್‌ಟಾಪ್.ಐಎನ್‌ಐ’ ಕೂಡ ಹಾಗೆಯೇ ನಿರಪಾಯಕಾರಿ. ‘ಥಂಬ್ಸ್.ಡಿಬಿ’ ಅಷ್ಟು ನಿರಪಾಯಕಾರಿಯಾಗಿರಲಿಲ್ಲ. ವಿಂಡೋಸ್ ಎಕ್ಸ್‌ಪಿಯವರೆಗೆ ಚಿತ್ರಗಳಿರುವ ಪ್ರತಿ ಫೋಲ್ಡರಿನಲ್ಲೂ ಅವುಗಳ ಕಿರುಚಿತ್ರಗಳನ್ನು ಇದು ಕೂಡಿಡುತ್ತಿತ್ತು, ಮೂಲ ಚಿತ್ರವನ್ನು ಅಳಿಸಿದ ಮೇಲೂ ಕಿರುಚಿತ್ರ ಉಳಿದಿರುತ್ತಿತ್ತು. ವಿಸ್ಟಾದಿಂದ ಈಚೆಗೆ ಈ ಸಂಗ್ರಹ ಬಳಕೆದಾರರ ಸ್ವಂತ ಯಂತ್ರದೊಳಕ್ಕೆ ಹೋಗಿದೆ. ಡ್ರೈವ್‌ಗಳ ಮೇಲೆ ಅದನ್ನು ಹೊಸದಾಗಿ ಕಾಣುವುದು ಈಗ ಅಪರೂಪ. ಮೈಕ್ರೋಸಾಫ್ಟ್ ಇಲ್ಲಿ ಮಾಡಿದ ಬದಲಾವಣೆ ಸರಿಯಾದದ್ದು. ತೋರಿಕೆಗೆ ಸಂಬಂಧಿಸಿದ ಮಾಹಿತಿ ನೋಡುವವರ ಯಂತ್ರದಲ್ಲಿರಬೇಕು, ನೋಡಿದ ವಸ್ತುವಿನ ಮೇಲಲ್ಲ. ಹಳೆಯ ಆಂಡ್ರಾಯ್ಡ್ ಫೋನುಗಳ ಮೆಮೊರಿ ಕಾರ್ಡುಗಳಲ್ಲಿ ‘ಡಿಸಿಐಎಂ’ನ ಒಳಗೆ ‘.ಥಂಬ್‌ನೇಲ್ಸ್’ ಎಂಬ ಫೋಲ್ಡರು ಇದೇ ರೀತಿ ಅಳಿಸಿದ ಚಿತ್ರಗಳ ಪಡಿಯಚ್ಚುಗಳನ್ನು ಉಳಿಸಿಕೊಳ್ಳುತ್ತಿತ್ತು.

ಗೋಪ್ಯತೆಯ ದೃಷ್ಟಿಯಿಂದ ಅತಿ ಹೆಚ್ಚು ಯೋಚಿಸಬೇಕಾದದ್ದು ಮ್ಯಾಕ್‌ನ ಹುಡುಕಾಟ ಸೂಚಿ. ಮ್ಯಾಕ್‌ನ ಹುಡುಕಾಟ ಸೇವೆಯಾದ ಸ್ಪಾಟ್‌ಲೈಟ್ ಫೈಲುಗಳ ಹೆಸರನ್ನಷ್ಟೇ ಅಲ್ಲದೆ ಅವುಗಳೊಳಗಿನ ಪಠ್ಯವನ್ನೂ ಓದಿ ಸೂಚಿ ತಯಾರಿಸುತ್ತದೆ, ಆ ಸೂಚಿಯನ್ನು ಆಯಾ ಡ್ರೈವ್‌ನ ಮೇಲೆಯೇ ಇಡುತ್ತದೆ. ಮ್ಯಾಕ್‌ನಲ್ಲಿ ಬಳಸಿದ ಡ್ರೈವ್‌ನಿಂದ ದಸ್ತಾವೇಜೊಂದನ್ನು ವಿಂಡೋಸ್‌ನಲ್ಲಿ ಅಳಿಸಿದರೆ, ಸೂಚಿಗೆ ಆ ಸುದ್ದಿ ಮುಟ್ಟುವುದಿಲ್ಲ. ಡ್ರೈವ್ ಮತ್ತೊಮ್ಮೆ ಮ್ಯಾಕ್‌ಗೆ ಹೋಗುವವರೆಗೆ ಅಳಿದ ದಸ್ತಾವೇಜಿನ ಪದಗಳು ಅದರಲ್ಲಿ ಉಳಿದಿರುತ್ತವೆ. ‘.ಎಫ್‌ಎಸ್‌ಇವೆಂಟ್ಸ್‌ಡಿ’ಯಲ್ಲಿ ಯಾವ ಫೈಲು ಹುಟ್ಟಿತು, ಯಾವುದರ ಹೆಸರು ಬದಲಾಯಿತು, ಯಾವುದು ಅಳಿಯಿತು ಎಂಬ ದಿನಚರಿಯಿರುತ್ತದೆ. ಅಪರಾಧ ತನಿಖೆಯಲ್ಲಿ ಡಿಜಿಟಲ್ ಸಾಕ್ಷ್ಯ ಪರಿಶೀಲಿಸುವವರಿಗೆ ಇವೆರಡೂ ಬೆಲೆಯುಳ್ಳ ಆಕರಗಳು. ಆ ಕಾರಣಕ್ಕೇ ಸಾಮಾನ್ಯ ಬಳಕೆದಾರರೂ ಇವನ್ನು ತಿಳಿದಿರಬೇಕು. ಬರವಣಿಗೆಯ ತಂತ್ರಾಂಶಗಳೂ ತಮ್ಮ ಪಾಲು ಸಲ್ಲಿಸುತ್ತವೆ. ಡ್ರೈವ್‌ನಲ್ಲಿರುವ ದಸ್ತಾವೇಜನ್ನು ವರ್ಡ್‌ನಲ್ಲಿ ತೆರೆದಿರುವಷ್ಟು ಹೊತ್ತು ‘~$’ ಚಿಹ್ನೆಗಳಿಂದ ಶುರುವಾಗುವ ಹಿಡನ್ ಫೈಲೊಂದು ಅದರ ಪಕ್ಕದಲ್ಲಿರುತ್ತದೆ, ಅದರೊಳಗೆ ತೆರೆದವರ ಹೆಸರು. ಲಿಬ್ರೆ ಆಫೀಸ್‌ನ ಬೀಗದ ಫೈಲಿನಲ್ಲಿ ಹೆಸರಿನ ಜೊತೆ ಕಂಪ್ಯೂಟರಿನ ಹೆಸರು ಮತ್ತು ಸಮಯ ಕೂಡ. ದಸ್ತಾವೇಜನ್ನು ಮುಚ್ಚಿದಾಗ ಇವು ಅಳಿಯುತ್ತವೆ. ಮುಚ್ಚದೆ ಡ್ರೈವನ್ನು ಎಳೆದುಕೊಂಡರೆ ಉಳಿಯುತ್ತವೆ.

ಇಷ್ಟು ಹೊತ್ತೂ ಹೇಳಿದ್ದು ಒಳ್ಳೆಯ ಉದ್ದೇಶದ ಫೈಲುಗಳ ಮಾತು. ಆದರೆ ಆಪರೇಟಿಂಗ್ ಸಿಸ್ಟಮ್‌ಗಳೇ ಡ್ರೈವ್‌ಗಳ ಮೇಲೆ ವಿಚಿತ್ರ ಹೆಸರಿನ ಹಿಡನ್ ಫೋಲ್ಡರುಗಳನ್ನು ಇಡುವ ರೂಢಿ ದುಷ್ಟ ತಂತ್ರಾಂಶಗಳಿಗೆ ಮರೆಯಾಗಿ ಒದಗಿತು. 2008ರಲ್ಲಿ ಹರಡಿದ ಕಾನ್‌ಫಿಕರ್ ವರ್ಮ್ (ವರ್ಮ್ ಎಂದರೆ ತಾನಾಗಿ ಹರಡುವ ದುಷ್ಟ ತಂತ್ರಾಂಶ) ಪೆನ್ ಡ್ರೈವ್‌ಗಳಲ್ಲಿ ತನ್ನ ಪ್ರತಿಯನ್ನು ಇಟ್ಟುಕೊಂಡದ್ದು ‘ರಿಸೈಕ್ಲರ್’ ಎಂಬ ಫೋಲ್ಡರಿನಲ್ಲಿ. ಅದು ಎಕ್ಸ್‌ಪಿಯ ನಿಜವಾದ ಕಸದಬುಟ್ಟಿಯ ಹೆಸರು. ಅದನ್ನು ಚಾಲೂ ಮಾಡಲು ‘ಆಟೋರನ್.ಐಎನ್‌ಎಫ್’ ಎಂಬ ಫೈಲನ್ನು ಬಳಸಿತು, ಡ್ರೈವ್ ಜೋಡಿಸಿದಾಗ ಮೂಡುವ ಆಯ್ಕೆಗಳ ಕಿಟಕಿಯಲ್ಲಿ ತನ್ನನ್ನು ಫೋಲ್ಡರಿನ ಚಿತ್ರದೊಂದಿಗೆ ‘ಫೈಲುಗಳನ್ನು ನೋಡಲು ತೆರೆಯಿರಿ’ ಎಂದು ತೋರಿಸಿಕೊಂಡಿತು. ಮೈಕ್ರೋಸಾಫ್ಟ್ ವಿಂಡೋಸ್ 7ರಲ್ಲಿ ಪೆನ್ ಡ್ರೈವ್‌ಗಳ ಆಟೋರನ್ (ಆ ಫೈಲಿನ ಸೂಚನೆಯನ್ನು ಪಾಲಿಸುವ ಏರ್ಪಾಡು) ನಿಲ್ಲಿಸಿತು, 2011ರ ಫೆಬ್ರವರಿಯಲ್ಲಿ ಎಕ್ಸ್‌ಪಿ ಮತ್ತು ವಿಸ್ಟಾಗಳಿಗೂ ಅಪ್‌ಡೇಟ್ ಮೂಲಕ ಅದೇ ತಿದ್ದುಪಡಿಯನ್ನು ಕಳಿಸಿತು. ಅಷ್ಟರಲ್ಲಿ, 2010ರಲ್ಲಿ, ಸ್ಟಕ್ಸ್‌ನೆಟ್ ಎಂಬ ವರ್ಮ್ ಬೇರೆ ದಾರಿ ಕಂಡುಕೊಂಡಿತ್ತು. ಶಾರ್ಟ್‌ಕಟ್ ಫೈಲಿನ ಐಕಾನನ್ನು ತೋರಿಸುವ ವಿಂಡೋಸ್ ಕೋಡ್‌ನಲ್ಲಿದ್ದ ದೋಷದಿಂದಾಗಿ ಡ್ರೈವ್‌ನ ಫೋಲ್ಡರನ್ನು ತೆರೆದು ನೋಡಿದ ಮಾತ್ರಕ್ಕೆ ಅದು ಯಂತ್ರವನ್ನು ಹೊಕ್ಕುತ್ತಿತ್ತು. ಆ ವರ್ಷದ ಆಗಸ್ಟಿನಲ್ಲಿ ದೋಷವನ್ನು ಸರಿಪಡಿಸಲಾಯಿತು.

ಇಂದಿಗೂ ಹೆಚ್ಚಾಗಿ ಎದುರಾಗುವುದು ಇವೆರಡಕ್ಕಿಂತ ಸರಳವಾದ ತಂತ್ರ. ವರ್ಮ್ ಡ್ರೈವ್‌ನಲ್ಲಿರುವ ನಿಮ್ಮ ನಿಜವಾದ ಫೋಲ್ಡರುಗಳಿಗೆ ಹಿಡನ್ ಮತ್ತು ಸಿಸ್ಟಮ್ ಎಂಬ ಎರಡೂ ಬಿಟ್‌ಗಳನ್ನು ಹಾಕಿ, ಅವೇ ಹೆಸರಿನ, ಫೋಲ್ಡರಿನಂತೆಯೇ ಕಾಣುವ ಶಾರ್ಟ್‌ಕಟ್‌ಗಳನ್ನು ಮುಂದೆ ಇಡುತ್ತದೆ. ಬಳಕೆದಾರರು ಒತ್ತಿದರೆ ಮೊದಲು ವರ್ಮ್ ಓಡುತ್ತದೆ, ಆಮೇಲೆ ನಿಜವಾದ ಫೋಲ್ಡರೂ ತೆರೆಯುತ್ತದೆ, ಅನುಮಾನವೇ ಬಾರದು. ಹಿಡನ್ ಫೈಲುಗಳನ್ನು ತೋರಿಸುವ ಆಯ್ಕೆಯೊಂದನ್ನೇ ಹಾಕಿದರೆ ಈ ಫೋಲ್ಡರುಗಳು ಕಾಣುವುದಿಲ್ಲ, ಏಕೆಂದರೆ ಎರಡೂ ಬಿಟ್‌ಗಳಿರುವ ಫೈಲುಗಳಿಗೆ ವಿಂಡೋಸ್‌ನಲ್ಲಿ ‘ಸಂರಕ್ಷಿತ ಸಿಸ್ಟಮ್ ಫೈಲುಗಳನ್ನು ಮರೆಮಾಡು’ ಎಂಬ ಇನ್ನೊಂದು ಆಯ್ಕೆಯಿದೆ, ಅದನ್ನೂ ತೆಗೆಯಬೇಕು. ಕಂಡ ಮೇಲೂ ಪ್ರಾಪರ್ಟೀಸ್ ಕಿಟಕಿಯಲ್ಲಿ ಹಿಡನ್ ಎಂಬ ಚೌಕ ಮಸುಕಾಗಿ, ಒತ್ತಲು ಬಾರದಂತೆ ಇರುತ್ತದೆ. ಕಮಾಂಡ್ ಪ್ರಾಂಪ್ಟಿನಲ್ಲಿ ‘ಅಟ್ರಿಬ್’ ಆಜ್ಞೆಯಿಂದ ಎರಡೂ ಬಿಟ್‌ಗಳನ್ನು ಒಟ್ಟಿಗೆ ತೆಗೆದರೆ ಫೋಲ್ಡರುಗಳು ಹಿಂದಿರುಗುತ್ತವೆ. ಫೈಲುಗಳು ಹೋದವೆಂದು ತಿಳಿದು ಡ್ರೈವನ್ನು ಫಾರ್ಮ್ಯಾಟ್ ಮಾಡಿಬಿಟ್ಟರೆ, ವರ್ಮ್ ಮಾಡದ ಹಾನಿಯನ್ನು ನಾವೇ ಮಾಡಿಕೊಂಡಂತೆ. ಒಂದು ಸ್ಥೂಲ ವ್ಯತ್ಯಾಸ ನೆನಪಿಟ್ಟುಕೊಳ್ಳಬಹುದು. ಆಪರೇಟಿಂಗ್ ಸಿಸ್ಟಮ್ ತನ್ನ ಫೈಲುಗಳನ್ನು ಅಡಗಿಸುತ್ತದೆ, ನಿಮ್ಮವನ್ನು ಅಡಗಿಸುವುದಿಲ್ಲ. ನಿಮ್ಮ ಫೈಲು ಮರೆಯಾಗಿ ಅದರ ಜಾಗದಲ್ಲಿ ಶಾರ್ಟ್‌ಕಟ್ ಬಂದಿದ್ದರೆ ಅದು ಸಿಸ್ಟಮ್‌ನ ಕೆಲಸವಲ್ಲ.

ತಯಾರಕರು ಇದನ್ನು ತಪ್ಪಿಸಲಾರರೇ? ಆಪಲ್ ಈ ಪ್ರಶ್ನೆಗೆ ಅರ್ಧ ಉತ್ತರವನ್ನು ಕೊಟ್ಟಿದೆ. ಯುಎಸ್‌ಬಿ ಡ್ರೈವ್‌ಗಳಲ್ಲಿ ‘.ಡಿಎಸ್_ಸ್ಟೋರ್’ ಬರೆಯದಂತೆ ಮ್ಯಾಕ್‌ಗೆ ಹೇಳಬಹುದು, ಆದರೆ ಅದಕ್ಕೆ ಟರ್ಮಿನಲ್ ಎಂಬ ಆಜ್ಞೆಗಳ ಕಿಟಕಿಯನ್ನು ತೆರೆದು ಒಂದು ಉದ್ದನೆಯ ಆಜ್ಞೆಯನ್ನು ಟೈಪ್ ಮಾಡಬೇಕು. ಸೆಟ್ಟಿಂಗುಗಳಲ್ಲಿ ಅದಕ್ಕೊಂದು ಗುಂಡಿಯಿಲ್ಲ. ಹುಡುಕಾಟ ಸೂಚಿಯನ್ನು ತಡೆಯಲು ಸ್ಪಾಟ್‌ಲೈಟ್ ಸೆಟ್ಟಿಂಗಿನ ಗೋಪ್ಯತೆಯ ಪಟ್ಟಿಗೆ ಡ್ರೈವನ್ನು ಸೇರಿಸಬಹುದು. ಆದರೆ ಹೊಸ ಡ್ರೈವ್ ಬಂದಾಗಲೆಲ್ಲ ಈ ಕೆಲಸ ಹೊಸದು. ತಾತ್ಕಾಲಿಕ ಡ್ರೈವ್ ಯಾವುದು, ಸದಾ ಜೊತೆಗಿರುವ ಬ್ಯಾಕಪ್ ಡಿಸ್ಕು ಯಾವುದು ಎಂದು ಯಂತ್ರಕ್ಕೆ ತಾನಾಗಿ ಗೊತ್ತಾಗದೆಂಬ ವಾದವಿದೆ, ಮತ್ತು ಅದರಲ್ಲಿ ಹುರುಳಿದೆ. ದಿನವೂ ಬಳಸುವ ಎರಡು ಟಿಬಿ ಡಿಸ್ಕಿನಲ್ಲಿ ಹುಡುಕಾಟ ಸೂಚಿ ಇಲ್ಲದಿದ್ದರೆ ಅದೇ ಬಳಕೆದಾರರು ದೂರುತ್ತಾರೆ. ಆದರೆ ತಿಳಿಯದಿದ್ದರೆ ಕೇಳಬಹುದಲ್ಲ. ಬ್ಯಾಕಪ್ ಡಿಸ್ಕಾಗಿ ಬಳಸುತ್ತೀರಾ ಎಂದು ಹೊಸ ಡಿಸ್ಕು ಕಂಡಾಗ ಮ್ಯಾಕ್ ಕೇಳುವುದು ರೂಢಿಯಲ್ಲೇ ಇದೆ. ಡ್ರೈವನ್ನು ಹೊರತೆಗೆಯುವ ಗುಂಡಿ ಒತ್ತಿದಾಗ, ಬುಟ್ಟಿಯಲ್ಲಿ ಇಷ್ಟು ಫೈಲುಗಳು ಉಳಿದಿವೆ, ಅಳಿಸಲೇ ಎಂದು ಕೇಳುವುದಕ್ಕೆ ಅದಕ್ಕಿಂತ ಹೆಚ್ಚಿನ ಜಾಣತನ ಬೇಕಿಲ್ಲ.

ಅಲ್ಲಿಯವರೆಗೆ ಕೆಲಸ ನಮ್ಮದೇ. ಮೊದಲ ಹೆಜ್ಜೆ ಕಾಣುವಂತೆ ಮಾಡಿಕೊಳ್ಳುವುದು: ಮ್ಯಾಕ್‌ನ ಫೈಂಡರಿನಲ್ಲಿ ಕಮಾಂಡ್, ಶಿಫ್ಟ್ ಮತ್ತು ಚುಕ್ಕಿಯ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ, ಲಿನಕ್ಸ್‌ನ ಹಲವು ಫೈಲ್ ಮ್ಯಾನೇಜರುಗಳಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಅಡಗಿದ್ದೆಲ್ಲ ಹೊರಬರುತ್ತದೆ. ಪರರಿಗೆ ಕೊಡುವ ಡ್ರೈವ್‌ಗೆ ಮ್ಯಾಕ್‌ನಿಂದ ನಕಲು ಮಾಡಿದ ಮೇಲೆ ‘ಡಾಟ್_ಕ್ಲೀನ್’ ಎಂಬ ಆಜ್ಞೆ ಜೋಡಿ ಫೈಲುಗಳನ್ನು ಗುಡಿಸುತ್ತದೆ. ಜಿಪ್ ಮಾಡಿ ಕಳಿಸಿದರೆ ಪಾರಾಗಬಹುದೆಂಬ ಎಣಿಕೆ ತಪ್ಪು. ಫೈಂಡರ್ ತಯಾರಿಸುವ ಜಿಪ್‌ನ ಒಳಗೆ ಅವೇ ಜೋಡಿ ಫೈಲುಗಳು ‘__ಮ್ಯಾಕ್‌ಒಎಸ್‌ಎಕ್ಸ್’ ಎಂಬ ಫೋಲ್ಡರಿನಲ್ಲಿ ಕುಳಿತಿರುತ್ತವೆ. ಓದಲಷ್ಟೇ ಬೇಕಾದ ಎಸ್‌ಡಿ ಕಾರ್ಡಿನ ಬದಿಯಲ್ಲಿರುವ ಸಣ್ಣ ಲಾಕ್ ಗುಂಡಿಯನ್ನು ಸರಿಸಿದರೆ ಹೆಚ್ಚಿನ ರೀಡರುಗಳು ಅದರ ಮೇಲೆ ಬರೆಯಲು ಬಿಡುವುದಿಲ್ಲ, ಆದರೆ ಆ ಗುಂಡಿಯನ್ನು ಗಮನಿಸುವುದು ರೀಡರೇ ಹೊರತು ಕಾರ್ಡಲ್ಲ. ಮೈಕ್ರೋ ಎಸ್‌ಡಿಯಲ್ಲಿ ಅದೂ ಇಲ್ಲ.

ಡ್ರೈವನ್ನು ಶಾಶ್ವತವಾಗಿ ಇನ್ನೊಬ್ಬರಿಗೆ ಬಿಟ್ಟುಕೊಡುವಾಗ ಹಿಡನ್ ಫೈಲುಗಳನ್ನು ಹೆಕ್ಕಿ ಅಳಿಸುವುದು ಸಾಲದು, ಕ್ವಿಕ್ ಫಾರ್ಮ್ಯಾಟ್ ಕೂಡ ಸಾಲದು. ಅದು ಪಟ್ಟಿಯನ್ನು ಹೊಸದಾಗಿಸುತ್ತದೆ, ಹಳೆಯ ಸಾಮಗ್ರಿ ಅಲ್ಲಿಯೇ ಇರುತ್ತದೆ. ಇಡೀ ಡ್ರೈವನ್ನು ಮೊದಲಿನಿಂದಲೇ ಎನ್‌ಕ್ರಿಪ್ಟ್ ಮಾಡಿ, ಎಂದರೆ ಗೂಢಲಿಪಿಯಲ್ಲಿ ಬೀಗ ಹಾಕಿ, ಬಳಸುವುದು ಗಟ್ಟಿ ಉಪಾಯ. ಆದರೆ ವಿಂಡೋಸ್‌ನ ಬಿಟ್‌ಲಾಕರ್ ಎಂಬ ಎನ್‌ಕ್ರಿಪ್ಶನ್ ಹಾಕಿದ ಡ್ರೈವನ್ನು ಮ್ಯಾಕ್ ತಾನಾಗಿ ತೆರೆಯಲಾರದು, ಎನ್‌ಕ್ರಿಪ್ಟ್ ಮಾಡಿದ ಎಪಿಎಫ್‌ಎಸ್ ಡ್ರೈವನ್ನು ವಿಂಡೋಸ್ ತೆರೆಯಲಾರದು. ಎರಡೂ ಕಡೆ ಓಡಾಡಬೇಕಾದ ಡ್ರೈವ್‌ಗೆ ಉಳಿಯುವ ದಾರಿ, ಕಳಿಸಬೇಕಾದ ಫೈಲುಗಳನ್ನು ಕಂಪ್ಯೂಟರಿನಲ್ಲಿಯೇ ಗುಪ್ತಪದವಿರುವ 7-ಜಿಪ್ ಕಟ್ಟಾಗಿ ಮಾಡಿ, ಆ ಕಟ್ಟನ್ನು ಮಾತ್ರ ಎಕ್ಸ್‌ಫ್ಯಾಟ್ ಡ್ರೈವ್‌ಗೆ ಹಾಕುವುದು. ಆಗಲೂ ಚುಕ್ಕಿ ಫೋಲ್ಡರುಗಳು ಹುಟ್ಟುತ್ತವೆ, ಜೋಡಿ ಫೈಲೂ ಬರಬಹುದು. ಆದರೆ ಅವು ಬರೆದಿಟ್ಟುಕೊಳ್ಳಲು ಸಿಗುವುದು ಆ ಒಂದು ಕಟ್ಟಿನ ಹೆಸರು ಮತ್ತು ಗಾತ್ರ. ಹೆಸರನ್ನು ಆರಿಸುವವರು ನಾವೇ.